ಸಾವಿನ ನಂತರ ಹೃದಯದ ಹಾನಿಯನ್ನು ಪತ್ತೆಹಚ್ಚಲು ಯಾವ ಸೂಚಕ, ಯಾವ ಮಾದರಿ? ಒಂದು ಹೋಲಿಕೆಯ ಮಾರ್ಗದರ್ಶಿ

ಹಠಾತ್ತಾಗಿ ತೀರಿಕೊಂಡವರ ಶವಪರೀಕ್ಷೆಯಲ್ಲಿ ಹೃದಯದ ರಕ್ತನಾಳಗಳು ಕಿರಿದಾಗಿರುವುದು ಕಾಣುತ್ತದೆ, ಆದರೆ ಹೃದಯದ ಸ್ನಾಯು ಮಾತ್ರ ನೋಡುವುದಕ್ಕೆ ಸಹಜವಾಗಿಯೇ ಇರುತ್ತದೆ. ವಿಧಿವಿಜ್ಞಾನ ವೈದ್ಯರಿಗೆ ಇದಕ್ಕಿಂತ ಕಠಿಣವಾದ ಸನ್ನಿವೇಶ ಅಪರೂಪ. ರಕ್ತನಾಳ ಮುಚ್ಚಿಕೊಂಡ ಅರ್ಧ ಗಂಟೆಯೊಳಗೆ ಸ್ನಾಯುವಿನ ಜೀವಕೋಶಗಳು ಮರಳಿ ಚೇತರಿಸಿಕೊಳ್ಳಲಾಗದಷ್ಟು ಹಾನಿಗೊಳ್ಳಲು ಆರಂಭಿಸುತ್ತವೆ. ಆದರೂ ಆ ಹಾನಿ ಬರಿಗಣ್ಣಿಗೆ ಕಾಣಬೇಕಾದರೆ ವ್ಯಕ್ತಿ ಹೃದಯಾಘಾತವಾದ ಮೇಲೆ ಸುಮಾರು 12 ಗಂಟೆ ಬದುಕಿರಬೇಕು, ಸಾಮಾನ್ಯ ಬಣ್ಣ ಹಾಕಿದ ಸ್ಲೈಡಿನಲ್ಲಿ ಸೂಕ್ಷ್ಮದರ್ಶಕಕ್ಕೆ ನಿಚ್ಚಳವಾಗಿ ಕಾಣಬೇಕಾದರೂ ಕನಿಷ್ಠ ನಾಲ್ಕರಿಂದ ಆರು ಗಂಟೆ ಬೇಕು. ಹೃದಯಾಘಾತದಿಂದ ಸಾಯುವ ಬಹಳಷ್ಟು ಜನ ಅಷ್ಟು ಹೊತ್ತು ಬದುಕುವುದಿಲ್ಲ. ಕಣ್ಣಿಗೂ ಸೂಕ್ಷ್ಮದರ್ಶಕಕ್ಕೂ ಸಿಗದ ಈ ಮೊದಲ ಕೆಲವು ಗಂಟೆಗಳ ಹಾನಿಯನ್ನು ಹಿಡಿಯಲು ಜೀವರಾಸಾಯನಿಕ ಸೂಚಕಗಳು, ಅಂದರೆ ಹಾನಿಗೊಂಡ ಕೋಶಗಳಿಂದ ರಕ್ತಕ್ಕೂ ದ್ರವಕ್ಕೂ ಸೇರುವ ಪ್ರೋಟೀನಿನಂಥ ವಸ್ತುಗಳು, ನೆರವಾಗಬಹುದೇ, ನೆರವಾಗುವುದಾದರೆ ಅವುಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು ಎಂಬುದೇ ಈ ಬರಹದ ವಿಷಯ. ವಿಧಿವಿಜ್ಞಾನ ವೈದ್ಯಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಗಳನ್ನೂ ತಾಲ್ಲೂಕು ಆಸ್ಪತ್ರೆಗಳಲ್ಲಿ ಶವಪರೀಕ್ಷೆ ನಡೆಸುವ ವೈದ್ಯಾಧಿಕಾರಿಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಇಂಥ ವರದಿಯನ್ನು ಕೈಯಲ್ಲಿ ಹಿಡಿದು ಅದರ ಅರ್ಥವೇನೆಂದು ತಿಳಿಯಬೇಕಾದ ವಕೀಲರಿಗೂ ಮೃತರ ಮನೆಯವರಿಗೂ ಇದು ಉಪಯೋಗಕ್ಕೆ ಬರಬಹುದು.

ಕರ್ನಾಟಕದಲ್ಲಿ ಈ ಪ್ರಶ್ನೆ ಈಗ ಪುಸ್ತಕದ ಪ್ರಶ್ನೆಯಾಗಿ ಉಳಿದಿಲ್ಲ. 2025ರ ಜೂನ್ ಮತ್ತು ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳು ದೊಡ್ಡ ಸುದ್ದಿಯಾದಾಗ ರಾಜ್ಯ ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಪರಿಶೀಲನೆ ನಡೆಸಿತು. ಆಸ್ಪತ್ರೆಯ ಹೊರಗೆ ಕಾರಣ ತಿಳಿಯದೆ ಸಂಭವಿಸುವ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕು, ಅಂಥವರ ಶವಪರೀಕ್ಷೆ ನಡೆಯಬೇಕು ಎಂಬ ನಿಲುವನ್ನು ಆರೋಗ್ಯ ಸಚಿವರು ಆಗ ಪ್ರಕಟಿಸಿದರು. ಅಲ್ಲಿಯವರೆಗೆ ಮನೆಯಲ್ಲೋ ಹೊಲದಲ್ಲೋ ಕುಸಿದು ಸತ್ತವರ ವಿಷಯದಲ್ಲಿ ‘ಹಾರ್ಟ್ ಅಟ್ಯಾಕ್ ಆಗಿರಬೇಕು’ ಎಂಬ ಊಹೆಯೇ ಬಹುತೇಕ ಕೊನೆಯ ಮಾತಾಗುತ್ತಿತ್ತು. ಸಂಶಯವಿದ್ದ ಪ್ರಕರಣಗಳಲ್ಲಿ ಮಾತ್ರ ಪೊಲೀಸರು ಅಸ್ವಾಭಾವಿಕ ಮರಣದ ಪ್ರಕರಣ ದಾಖಲಿಸಿ, ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಮಿನಡಿ, 2024ರ ಜುಲೈ 1ರ ನಂತರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಮಿನಡಿ ಶವವನ್ನು ಪರೀಕ್ಷೆಗೆ ಕಳುಹಿಸುತ್ತಿದ್ದರು. ಹೆಚ್ಚು ಶವಪರೀಕ್ಷೆಗಳು ನಡೆದಷ್ಟೂ ‘ಟ್ರೋಪೋನಿನ್ ನೋಡಿದಿರಾ?’ (ಹಾನಿಗೊಂಡ ಹೃದಯ ಸ್ನಾಯುವಿನಿಂದ ರಕ್ತಕ್ಕೆ ಸೇರುವ ಪ್ರೋಟೀನು ಅದು) ಎಂಬ ಪ್ರಶ್ನೆಯೂ ಹೆಚ್ಚಾಗಿ ಬರುತ್ತದೆ. ಆ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದಷ್ಟೇ ಹೇಳಿದರೆ ಸಾಲದು.

ಬದುಕಿರುವವರ ಅಳತೆಗೋಲು ಏಕೆ ಹೊಂದುವುದಿಲ್ಲ

ಆಸ್ಪತ್ರೆಯಲ್ಲಿ ಹೃದಯಾಘಾತವನ್ನು ನಿರ್ಧರಿಸುವ ನಿಯಮ ಸ್ಪಷ್ಟವಾಗಿದೆ. 2018ರ ನಾಲ್ಕನೆಯ ಸಾರ್ವತ್ರಿಕ ವ್ಯಾಖ್ಯಾನದ ಪ್ರಕಾರ, ಆರೋಗ್ಯವಂತ ಜನಸಮುದಾಯದ 99ನೇ ಶತಾಂಶದ ಮಿತಿಯನ್ನು (ನೂರರಲ್ಲಿ 99 ಜನ ದಾಟದ ಮಟ್ಟವನ್ನು) ಟ್ರೋಪೋನಿನ್ ಪ್ರಮಾಣ ದಾಟಿರಬೇಕು, ಒಂದಕ್ಕಿಂತ ಹೆಚ್ಚು ಬಾರಿ ತೆಗೆದ ರಕ್ತದಲ್ಲಿ ಅದು ಏರುತ್ತಲೋ ಇಳಿಯುತ್ತಲೋ ಇರಬೇಕು. ಜೊತೆಗೆ ಎದೆನೋವು, ಇಸಿಜಿಯ ಬದಲಾವಣೆ ಅಥವಾ ಬೇರೊಂದು ಪುರಾವೆಯೂ ಬೇಕು. ಶವಾಗಾರದಲ್ಲಿ ಇವುಗಳಲ್ಲಿ ಹೆಚ್ಚಿನವು ದೊರೆಯುವುದಿಲ್ಲ. ಸಿಗುವುದು ಒಂದೇ ಸಮಯದ ಮಾದರಿ, ಆದ್ದರಿಂದ ಏರಿಳಿತವನ್ನು ನೋಡುವ ಮಾರ್ಗವೇ ಇಲ್ಲ. ಇಸಿಜಿಯಂತೂ ಇರುವುದಿಲ್ಲ, ರೋಗಲಕ್ಷಣಗಳ ವಿವರ ಮನೆಯವರ ನೆನಪಿನಿಂದ ಬರಬೇಕು. ಇವೆಲ್ಲಕ್ಕಿಂತ ದೊಡ್ಡ ತೊಡಕೆಂದರೆ, ಸತ್ತ ಮೇಲೆ ಹೃದಯದ ಜೀವಕೋಶಗಳ ಪೊರೆಗಳು ತಾವಾಗಿಯೇ ಸಡಿಲವಾಗಿ ಒಳಗಿನ ಪ್ರೋಟೀನುಗಳು ಸುತ್ತಲಿನ ರಕ್ತಕ್ಕೂ ದ್ರವಕ್ಕೂ ಸೋರುವುದು. ಹೃದಯಕ್ಕೂ ಸಾವಿಗೂ ಯಾವ ಸಂಬಂಧವಿಲ್ಲದ ಶವದಲ್ಲಿಯೂ ಟ್ರೋಪೋನಿನ್ ಆಸ್ಪತ್ರೆಯ ಮಿತಿಯನ್ನು ಸಲೀಸಾಗಿ ದಾಟಿರುವುದಕ್ಕೆ ಕಾರಣವಿದೇ. ಹೀಗಾಗಿ ಪ್ರಯೋಗಾಲಯದ ವರದಿಯಲ್ಲಿ ಅಂಕಿಯ ಪಕ್ಕ ಮುದ್ರಿತವಾಗಿ ಬರುವ ‘ಸಹಜ ಮಟ್ಟ’ವನ್ನು ಶವದ ಮಾದರಿಗೆ ಅನ್ವಯಿಸಿ ‘ಹೃದಯಾಘಾತ ದೃಢಪಟ್ಟಿದೆ’ ಎಂದು ಬರೆಯುವುದು ತಪ್ಪು. ಈ ತಪ್ಪಿನ ಮೇಲೆ ನ್ಯಾಯಾಲಯದ ತೀರ್ಮಾನವೋ ವಿಮೆಯ ಹಕ್ಕೋ ನಿಂತಿರಬಹುದು ಎಂಬುದನ್ನು ನೆನೆದರೆ ಅದರ ಗಾಂಭೀರ್ಯ ತಿಳಿಯುತ್ತದೆ.

ಇನ್ನೊಂದು ತುದಿಯ ಮಿತಿಯನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ಸೂಚಕವು ರಕ್ತದಲ್ಲಿ ಏರಬೇಕಾದರೆ ಜೀವಕೋಶ ಹಾನಿಗೊಳ್ಳುವುದಷ್ಟೇ ಅಲ್ಲ, ಹಾನಿಯಾದ ಮೇಲೆ ರಕ್ತ ಪರಿಚಲನೆ ಕೆಲವು ಗಂಟೆಯಾದರೂ ನಡೆಯುತ್ತಿರಬೇಕು. ರಕ್ತನಾಳ ಮುಚ್ಚಿಕೊಂಡ ಹತ್ತೇ ನಿಮಿಷದಲ್ಲಿ ಹೃದಯದ ಲಯ ಕೆಟ್ಟು ಸತ್ತವರ ತೊಡೆಯ ರಕ್ತದಲ್ಲಿ ಸೂಚಕ ಏರಲು ಸಮಯವೇ ಇರುವುದಿಲ್ಲ. ಆದ್ದರಿಂದ ಕಡಿಮೆ ಅಂಕಿಯನ್ನು ನೋಡಿ ಸಾವಿಗೆ ಹೃದಯ ಕಾರಣವಲ್ಲ ಎನ್ನುವಂತಿಲ್ಲ. ಅದು ಹೇಳುವುದು ಇಷ್ಟೇ: ಸಾವಿಗೆ ಮುನ್ನ ಹಲವು ಗಂಟೆಗಳ ಕಾಲ ಹೃದಯದ ಸ್ನಾಯು ದೊಡ್ಡ ಪ್ರಮಾಣದಲ್ಲಿ ಸಾಯುತ್ತಿತ್ತು ಎಂಬುದು ಅಸಂಭವ. ಶವದಲ್ಲಿ ಬಹುತೇಕ ಎಲ್ಲ ತೊಡಕುಗಳೂ ಅಂಕಿಯನ್ನು ಮೇಲಕ್ಕೇ ತಳ್ಳುವುದರಿಂದ, ಕೊಳೆಯದ ಶವದ ತೊಡೆಯ ರಕ್ತದಲ್ಲಿ ಸಿಕ್ಕ ಕಡಿಮೆ ಅಂಕಿಗೆ ಹೆಚ್ಚಿನ ಅಂಕಿಗಿಂತ ಹೆಚ್ಚು ಬೆಲೆಯಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಸೂಚಕಕ್ಕಿಂತ ಮೊದಲು ಮಾದರಿ

ಯಾವ ಸೂಚಕ ಎಂಬ ಚರ್ಚೆಗೆ ಇಳಿಯುವ ಮುನ್ನ ಯಾವ ಮಾದರಿ ಎಂಬುದನ್ನು ತೀರ್ಮಾನಿಸಬೇಕು. ಕೆಟ್ಟ ಮಾದರಿಯಲ್ಲಿ ಮಾಡಿದ ದುಬಾರಿ ಪರೀಕ್ಷೆಗಿಂತ ಒಳ್ಳೆಯ ಮಾದರಿಯಲ್ಲಿ ಮಾಡಿದ ಸಾಧಾರಣ ಪರೀಕ್ಷೆಯೇ ಮೇಲು.

ಎಲ್ಲಕ್ಕಿಂತ ಶ್ರೇಷ್ಠವಾದುದು ವ್ಯಕ್ತಿ ಬದುಕಿರುವಾಗಲೇ ತೆಗೆದ ರಕ್ತ. ಆಸ್ಪತ್ರೆಗೆ ತಂದ ಮೇಲೆ ಅರ್ಧ ಗಂಟೆಯೋ ಎರಡು ಗಂಟೆಯೋ ಬದುಕಿದ್ದವರ ರಕ್ತವನ್ನು ಬೇರೆ ಯಾವುದೋ ಪರೀಕ್ಷೆಗಾಗಿ ತೆಗೆದಿರುವ ಸಾಧ್ಯತೆ ಹೆಚ್ಚು, ಅದರ ಉಳಿದ ಭಾಗ ಪ್ರಯೋಗಾಲಯದ ಫ್ರಿಜ್‌ನಲ್ಲಿ ಒಂದೆರಡು ದಿನವಾದರೂ ಇರುತ್ತದೆ. ಶವಪರೀಕ್ಷೆ ಮಾಡುವವರು ಆಸ್ಪತ್ರೆಗೆ ಒಂದು ದೂರವಾಣಿ ಕರೆ ಮಾಡಿ ಆ ಟ್ಯೂಬನ್ನು ತೆಗೆದಿಡಲು ತಿಳಿಸಿ, ತನಿಖಾಧಿಕಾರಿಯ ಮೂಲಕ ಅದನ್ನು ಕ್ರಮಬದ್ಧವಾಗಿ ಪಡೆದರೆ, ಈ ಬರಹದಲ್ಲಿ ಹೇಳಿರುವ ಮುಕ್ಕಾಲುಪಾಲು ತೊಡಕುಗಳು ಉದ್ಭವಿಸುವುದೇ ಇಲ್ಲ. ಇಷ್ಟು ಸುಲಭವಾದ ಕೆಲಸ ಇಷ್ಟು ಕಡಿಮೆ ನಡೆಯುತ್ತಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಅದು ಸಿಗದಿದ್ದಾಗ ಉಳಿಯುವ ಮುಖ್ಯ ಆಯ್ಕೆಗಳು ಮೂರು: ಹೃದಯದೊಳಗಿನ ರಕ್ತ, ತೊಡೆಯ ಅಭಿಧಮನಿಯ ರಕ್ತ ಮತ್ತು ಹೃದಯವನ್ನು ಸುತ್ತುವರಿದಿರುವ ಹೃದಯಾವರಣ ಚೀಲದ ದ್ರವ. ಹೃದಯದೊಳಗಿನ ರಕ್ತವನ್ನು ತೆಗೆಯುವುದು ಸುಲಭ, ಪ್ರಮಾಣವೂ ಧಾರಾಳ. ಆದರೆ ಹೃದಯದ ಸೂಚಕಗಳ ಮಟ್ಟಿಗೆ ಅದನ್ನು ದೂರವಿಡುವುದೇ ಸರಿ. ಆ ರಕ್ತ ಸತ್ತ ಕ್ಷಣದಿಂದ ಹೃದಯದ ಗೋಡೆಗೆ ತಾಗಿಕೊಂಡೇ ನಿಂತಿರುತ್ತದೆ, ಗೋಡೆಯಿಂದ ಸೋರಿದ್ದೆಲ್ಲ ಅದಕ್ಕೇ ಸೇರುತ್ತದೆ. ಆದ್ದರಿಂದ ಅದರಲ್ಲಿನ ಟ್ರೋಪೋನಿನ್ ತೊಡೆಯ ರಕ್ತದಲ್ಲಿರುವುದಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿರುತ್ತದೆ. ತೊಡೆಯ ರಕ್ತ ಹೃದಯದಿಂದಲೂ ಯಕೃತ್ತಿನಿಂದಲೂ ದೂರದಲ್ಲಿರುವುದರಿಂದ ಸಾವಿನ ಮುನ್ನಿನ ಸ್ಥಿತಿಗೆ ಹೆಚ್ಚು ಹತ್ತಿರವಾಗಿರುತ್ತದೆ. ಅದನ್ನು ತೆಗೆಯುವಾಗ ಅಭಿಧಮನಿಯನ್ನು ಮೇಲ್ಭಾಗದಲ್ಲಿ ದಾರದಿಂದ ಕಟ್ಟಬೇಕು, ಕಾಲನ್ನು ಹಿಂಡಿ ರಕ್ತ ಇಳಿಸಬಾರದು, ಸಾಧ್ಯವಾದಷ್ಟು ಬೇಗ ಸೆಂಟ್ರಿಫ್ಯೂಜ್ ಮಾಡಿ (ಯಂತ್ರದಲ್ಲಿ ವೇಗವಾಗಿ ತಿರುಗಿಸಿ) ಸೀರಮ್, ಅಂದರೆ ರಕ್ತಕಣಗಳಿಲ್ಲದ ತಿಳಿದ್ರವವನ್ನು, ಬೇರ್ಪಡಿಸಬೇಕು. ಸತ್ತವರ ರಕ್ತದಲ್ಲಿ ಕೆಂಪು ಕಣಗಳು ಬೇಗ ಒಡೆಯುತ್ತವೆ. ಹಾಗೆ ಒಡೆದ ಕೆಂಪು ಸೀರಮ್ ಕೆಲವು ಟ್ರೋಪೋನಿನ್ ಪರೀಕ್ಷೆಗಳಲ್ಲಿ ಅಂಕಿಯನ್ನು ಹುಸಿಯಾಗಿ ಏರಿಸಿದರೆ, ಇನ್ನು ಕೆಲವುಗಳಲ್ಲಿ, ಮುಖ್ಯವಾಗಿ ಟ್ರೋಪೋನಿನ್-ಟಿ ಎಂಬ ಬಗೆಯ ಪರೀಕ್ಷೆಯಲ್ಲಿ, ಇಳಿಸುತ್ತದೆ.

ಹೃದಯಾವರಣದ ದ್ರವದ ಕಥೆ ಬೇರೆ. ಆರೋಗ್ಯವಂತರಲ್ಲಿಯೂ ಆ ಚೀಲದಲ್ಲಿ ಸುಮಾರು 15ರಿಂದ 50 ಮಿಲಿಲೀಟರ್ ತಿಳಿ ಹಳದಿ ದ್ರವವಿರುತ್ತದೆ. ಹೃದಯದ ಸ್ನಾಯುವಿಗೆ ಒತ್ತಿಕೊಂಡೇ ಇರುವ ಈ ದ್ರವಕ್ಕೆ ಹಾನಿಗೊಂಡ ಕೋಶಗಳ ಪ್ರೋಟೀನು ರಕ್ತಕ್ಕಿಂತ ಮೊದಲೇ ತಲುಪುತ್ತದೆ, ಪರಿಚಲನೆಯಿಂದ ಕೊಚ್ಚಿಹೋಗದೆ ಅಲ್ಲಿಯೇ ಸಂಗ್ರಹವಾಗುತ್ತದೆ. ಕೆಂಪು ಕಣಗಳಿಲ್ಲದ ಕಾರಣ ರಕ್ತಕಣ ಒಡೆಯುವ ತೊಂದರೆಯೂ ಕಡಿಮೆ. ಸ್ಪೇನಿನ ಮುರ್ಸಿಯಾ ಮತ್ತು ಜಪಾನಿನ ಒಸಾಕಾದ ವಿಧಿವಿಜ್ಞಾನ ಸಂಶೋಧಕರು ಈ ದ್ರವದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಹೃದಯಾಘಾತದಿಂದ ಸತ್ತವರ ಗುಂಪಿನಲ್ಲಿ ಅದರ ಟ್ರೋಪೋನಿನ್ ಮತ್ತು ಸಿಕೆ-ಎಂಬಿ (ಹೃದಯ ಸ್ನಾಯುವಿನ ಒಂದು ಕಿಣ್ವ) ಮಟ್ಟ ಇತರ ಹಲವು ಗುಂಪುಗಳಿಗಿಂತ ಹೆಚ್ಚಿರುವುದನ್ನು ಇಂಥ ಅಧ್ಯಯನಗಳು ತೋರಿಸಿವೆ. ಆದರೆ ಗುಂಪಿನ ಸರಾಸರಿ ಹೆಚ್ಚಿದೆ ಎಂಬುದೂ ಮುಂದಿರುವ ಈ ಒಂದು ಶವದಲ್ಲಿ ಹೃದಯಾಘಾತವಾಗಿದೆ ಎಂಬುದೂ ಒಂದೇ ಅಲ್ಲ. ಸ್ನಾಯುವಿಗೆ ಹತ್ತಿರವಿರುವುದೇ ಈ ದ್ರವದ ಗುಣವೂ ಹೌದು, ದೋಷವೂ ಹೌದು. ಸತ್ತ ಮೇಲಿನ ಸೋರಿಕೆಯೂ ಮೊದಲು ಸೇರುವುದು ಇಲ್ಲಿಗೇ. ಶವಪರೀಕ್ಷೆ ತಡವಾದಷ್ಟೂ ಈ ದೋಷ ಗುಣವನ್ನು ಮೀರುತ್ತದೆ.

ನನ್ನ ಸಲಹೆ ತೊಡೆಯ ರಕ್ತ ಮತ್ತು ಈ ದ್ರವ ಇವೆರಡರಲ್ಲಿ ಒಂದನ್ನು ಆರಿಸುವುದಲ್ಲ, ಎರಡನ್ನೂ ತೆಗೆದು ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ಓದುವುದು. ತೊಡೆಯ ಸೀರಮ್‌ನಲ್ಲಿಯೂ ಹೃದಯಾವರಣದ ದ್ರವದಲ್ಲಿಯೂ ಗಣನೀಯ ಏರಿಕೆಯಿದ್ದರೆ ಹಾನಿಯ ನಂತರ ಪರಿಚಲನೆ ಕೆಲಕಾಲ ನಡೆದಿತ್ತು ಎಂದು ತಿಳಿಯಬಹುದು. ದ್ರವದಲ್ಲಿ ಮಾತ್ರ ಏರಿದ್ದು ತೊಡೆಯ ರಕ್ತದಲ್ಲಿ ಕಡಿಮೆಯಿದ್ದರೆ, ತೀರಾ ಇತ್ತೀಚಿನ ಹಾನಿ ಅಥವಾ ಸತ್ತ ಮೇಲಿನ ಸೋರಿಕೆ, ಎರಡೂ ಸಾಧ್ಯ. ಅವುಗಳನ್ನು ಪ್ರತ್ಯೇಕಿಸಲು ಶವಪರೀಕ್ಷೆಯ ಉಳಿದ ಅಂಶಗಳ ಮೊರೆ ಹೋಗಬೇಕು. ದ್ರವವನ್ನು ತೆಗೆಯುವ ಕ್ರಮವೂ ಮುಖ್ಯ. ಎದೆಯನ್ನು ತೆರೆದ ಕೂಡಲೇ, ಹೃದಯವನ್ನು ಮುಟ್ಟುವ ಮೊದಲೇ, ಚೀಲದ ಮುಂಭಾಗವನ್ನು ಕತ್ತರಿಸಿ ಸೂಜಿಯಿಲ್ಲದ ಸಿರಿಂಜಿನಿಂದ ಹಿಂಭಾಗದಲ್ಲಿ ನಿಂತಿರುವ ದ್ರವವನ್ನು ಎಳೆದುಕೊಳ್ಳಬೇಕು. ರಕ್ತ ಬೆರೆತರೆ ಅದನ್ನು ಟಿಪ್ಪಣಿಯಲ್ಲಿ ಬರೆಯಬೇಕು, ಚೀಲದೊಳಗೇ ರಕ್ತಸ್ರಾವವಾಗಿದ್ದರೆ ಈ ಪರೀಕ್ಷೆಯನ್ನೇ ಕೈಬಿಡಬೇಕು. ಅದೇ ದಿನ ಪರೀಕ್ಷೆ ಸಾಧ್ಯವಿಲ್ಲದಿದ್ದರೆ ಸೆಂಟ್ರಿಫ್ಯೂಜ್ ಮಾಡಿದ ಮೇಲ್ದ್ರವವನ್ನು ಮೈನಸ್ 20 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ತಾಪಮಾನದಲ್ಲಿ ಇಡಬೇಕು. ಮತ್ತೆ ಮತ್ತೆ ಕರಗಿಸಿ ಹೆಪ್ಪುಗಟ್ಟಿಸಬಾರದು.

ಟ್ರೋಪೋನಿನ್-ಐ ಅಥವಾ ಟ್ರೋಪೋನಿನ್-ಟಿ

ಸ್ನಾಯು ಸಂಕುಚಿಸುವುದನ್ನು ನಿಯಂತ್ರಿಸುವ ಟ್ರೋಪೋನಿನ್ ಸಂಕೀರ್ಣದ ಮೂರು ಭಾಗಗಳಲ್ಲಿ ಐ ಮತ್ತು ಟಿ ಎಂಬೆರಡಕ್ಕೆ ಹೃದಯಕ್ಕೇ ವಿಶಿಷ್ಟವಾದ ರೂಪಗಳಿವೆ. ಹೃದಯದ ಸೂಚಕಗಳಲ್ಲಿ ಇವು ಮುಂಚೂಣಿಯಲ್ಲಿರುವುದಕ್ಕೆ ಕಾರಣ ಅದೇ. ಇವುಗಳ ಬಹುಪಾಲು ಸ್ನಾಯುತಂತುಗಳಿಗೆ ಅಂಟಿಕೊಂಡಿದ್ದು, ನೂರಕ್ಕೆ ಹತ್ತಕ್ಕಿಂತ ಕಡಿಮೆ ಪಾಲು ಮಾತ್ರ ಕೋಶರಸದಲ್ಲಿ ಬಿಡಿಯಾಗಿರುತ್ತದೆ. ಬದುಕಿರುವವರ ರಕ್ತದಲ್ಲಿ ಇವು ಸಾಮಾನ್ಯವಾಗಿ ಮೂರು ನಾಲ್ಕು ಗಂಟೆಗಳಲ್ಲಿ ಏರಲು ಆರಂಭಿಸಿ, ಸುಮಾರು ಒಂದು ದಿನದಲ್ಲಿ ಶಿಖರ ಮುಟ್ಟುತ್ತವೆ. ಟ್ರೋಪೋನಿನ್-ಐ ಒಂದು ವಾರದಿಂದ ಹತ್ತು ದಿನ, ಟ್ರೋಪೋನಿನ್-ಟಿ ಹತ್ತರಿಂದ ಹದಿನಾಲ್ಕು ದಿನ ಏರಿಯೇ ಇರಬಹುದು. ಅತಿಸಂವೇದಿ ಪರೀಕ್ಷೆಗಳು ಏರಿಕೆಯನ್ನು ಇನ್ನೂ ಬೇಗ ಹಿಡಿಯುತ್ತವೆ. ಇಷ್ಟು ದಿನ ಏರಿರುವುದರಿಂದಲೇ ಇನ್ನೊಂದು ಎಚ್ಚರಿಕೆಯೂ ಬೇಕು: ಹತ್ತು ದಿನದ ಹಿಂದೆ ಆಗಿದ್ದ ಹೃದಯಾಘಾತದ ಉಳಿಕೆಯನ್ನು ಇಂದಿನ ಸಾವಿನ ಕಾರಣವೆಂದು ಓದಿಬಿಡುವ ಅಪಾಯವಿದೆ.

ಎರಡರಲ್ಲಿ ಒಂದನ್ನು ಆರಿಸಬೇಕಾದಾಗ ನಾನು ಟ್ರೋಪೋನಿನ್-ಐ ಕಡೆಗೆ ವಾಲುತ್ತೇನೆ. ಮೂತ್ರಪಿಂಡದ ದೀರ್ಘಕಾಲದ ಕಾಯಿಲೆಯಲ್ಲಿಯೂ ಕೆಲವು ಅಸ್ಥಿಸ್ನಾಯುಗಳ ಕಾಯಿಲೆಗಳಲ್ಲಿಯೂ ಟ್ರೋಪೋನಿನ್-ಟಿ ಹೃದಯದ ತೀವ್ರ ಹಾನಿಯಿಲ್ಲದೆ ಏರಿರುವುದು ಹೆಚ್ಚು ಸಾಮಾನ್ಯ. ಆದರೆ ಟ್ರೋಪೋನಿನ್-ಐಗೆ ಅದರದೇ ಆದ ಕೊರತೆಯಿದೆ. ಅದನ್ನು ಅಳೆಯುವ ಯಂತ್ರಗಳನ್ನು ಹಲವು ಕಂಪನಿಗಳು ತಯಾರಿಸುತ್ತವೆ, ಒಂದರ ಅಂಕಿ ಇನ್ನೊಂದಕ್ಕೆ ಹೊಂದುವುದಿಲ್ಲ. ಬೆಂಗಳೂರಿನ ಒಂದು ಪ್ರಯೋಗಾಲಯದ ಅಂಕಿಯನ್ನು ಹುಬ್ಬಳ್ಳಿಯ ಇನ್ನೊಂದರ ಅಂಕಿಯೊಡನೆ ಯಂತ್ರದ ಹೆಸರು ನೋಡದೆ ಹೋಲಿಸಬಾರದು. ಟ್ರೋಪೋನಿನ್-ಟಿ ಪರೀಕ್ಷೆ ಬಹುಕಾಲ ಒಂದೇ ಕಂಪನಿಯ ಕೈಯಲ್ಲಿದ್ದುದರಿಂದ ಅದರ ಅಂಕಿಗಳು ಊರಿಂದೂರಿಗೆ ಹೆಚ್ಚು ಹೋಲಿಕೆಗೆ ಒದಗುತ್ತವೆ. ನಿಮ್ಮ ಕಾಲೇಜಿನ ಆಸ್ಪತ್ರೆಯಲ್ಲಿ ಯಾವುದು ನಿತ್ಯ ಬಳಕೆಯಲ್ಲಿದೆಯೋ ಅದನ್ನೇ ಬಳಸಿ, ನಿಮ್ಮದೇ ಶವಾಗಾರದ ಪ್ರಕರಣಗಳ ಅಂಕಿಗಳನ್ನು ವರ್ಷಗಟ್ಟಲೆ ಕೂಡಿಸುತ್ತ ಹೋಗುವುದು ಎರಡರ ನಡುವಿನ ವಾದಕ್ಕಿಂತ ಹೆಚ್ಚು ಪ್ರಯೋಜನಕಾರಿ. ಶವದ ಮಾದರಿಗೆ ಯಾವ ಕಂಪನಿಯೂ ಮಿತಿಮೌಲ್ಯವನ್ನು ನಿಗದಿ ಮಾಡಿಕೊಟ್ಟಿಲ್ಲವಾದ್ದರಿಂದ ಅದನ್ನು ಕಟ್ಟಿಕೊಳ್ಳುವ ಹೊಣೆ ನಮ್ಮದೇ. ನೇಣು, ಮುಳುಗಡೆ, ತಲೆಗೆ ಪೆಟ್ಟು ಮುಂತಾಗಿ ಕಾರಣ ನಿಸ್ಸಂದೇಹವಾಗಿರುವ ಶವಗಳ ಮಾದರಿಗಳನ್ನೂ ಅದಕ್ಕಾಗಿ ಅಳೆದಿರಬೇಕು.

ಟ್ರೋಪೋನಿನ್ ಸಾವಿನ ನಂತರ ಚೂರುಚೂರಾಗಿ ಒಡೆಯುತ್ತ ಹೋಗುತ್ತದೆ ಎಂಬುದೂ ತಿಳಿದಿರಲಿ. ಈ ಒಡೆಯುವಿಕೆ ಕಾಲಕ್ಕೆ ತಕ್ಕಂತೆ ನಡೆಯುವುದನ್ನು ಬಳಸಿಕೊಂಡು ಸಾವಿನ ಸಮಯವನ್ನು ಅಂದಾಜು ಮಾಡುವ ಪ್ರಯತ್ನಗಳೂ ನಡೆದಿವೆ. ಹೃದಯಾಘಾತವನ್ನು ಹುಡುಕುವವರಿಗೆ ಇದು ತೊಡಕು, ಆದ್ದರಿಂದ ಪ್ರೋಟೀನಿನ ತುದಿಭಾಗಗಳನ್ನು ಗುರುತಿಸುವ ಪರೀಕ್ಷೆಗಿಂತ ಹೆಚ್ಚು ಗಟ್ಟಿಯಾದ ನಡುಭಾಗವನ್ನು ಗುರುತಿಸುವ ಪರೀಕ್ಷೆ ಶವದ ಮಾದರಿಗೆ ಮೇಲು.

ಉಳಿದ ಸೂಚಕಗಳು

ಸಿಕೆ-ಎಂಬಿ ನಾಲ್ಕರಿಂದ ಆರು ಗಂಟೆಯಲ್ಲಿ ಏರಿ, ಎರಡು ಮೂರು ದಿನಗಳಲ್ಲಿ ಸಹಜ ಮಟ್ಟಕ್ಕೆ ಇಳಿಯುತ್ತದೆ. ಬದುಕಿರುವವರಲ್ಲಿ ಅದರ ಸ್ಥಾನವನ್ನು ಟ್ರೋಪೋನಿನ್ ಆಕ್ರಮಿಸಿ ಬಹಳ ಕಾಲವಾಯಿತು. ಶವದ ರಕ್ತದಲ್ಲಿ ಅದರ ಪರಿಸ್ಥಿತಿ ಇನ್ನೂ ದುರ್ಬಲ. ಅಸ್ಥಿಸ್ನಾಯುಗಳಿಂದಲೂ ಅದು ಸೋರುತ್ತದೆ. ಅಗ್ಗದ ಕಿಣ್ವಚಟುವಟಿಕೆ ವಿಧಾನದಲ್ಲಿ ಮಿದುಳು ಮತ್ತು ಕರುಳಿನಿಂದ ಬಂದ ಸಿಕೆ-ಬಿಬಿ ಕೂಡ ಎಂಬಿಯೆಂದೇ ಲೆಕ್ಕಕ್ಕೆ ಸೇರುತ್ತದೆ, ಒಡೆದ ಕೆಂಪು ಕಣಗಳ ಕಿಣ್ವವೂ ಅಂಕಿಯನ್ನು ಏರಿಸುತ್ತದೆ. ಪ್ರೋಟೀನಿನ ಪ್ರಮಾಣವನ್ನೇ ಅಳೆಯುವ ವಿಧಾನ ಲಭ್ಯವಿದ್ದರೆ, ಅದೂ ಹೃದಯಾವರಣದ ದ್ರವದಲ್ಲಿ, ಟ್ರೋಪೋನಿನ್‌ಗೆ ಪೂರಕವಾಗಿ ಬಳಸಬಹುದು. ಇಲ್ಲದಿದ್ದರೆ ಬಿಡುವುದು ಲೇಸು. 1950ರ ದಶಕದಲ್ಲಿ ಹೃದಯಾಘಾತದ ಮೊದಲ ರಕ್ತಸೂಚಕವಾಗಿ ಬಂದ ಎಎಸ್‌ಟಿ ಹಾಗೂ ಅದರ ನಂತರದ ಎಲ್‌ಡಿಎಚ್ ಎಂಬ ಕಿಣ್ವಗಳು ಶವದ ಮಾದರಿಯಲ್ಲಿ ಪ್ರಯೋಜನಕ್ಕಿಲ್ಲ. ಕೆಂಪು ಕಣಗಳಲ್ಲಿಯೇ ಅವು ಹೇರಳವಾಗಿವೆ. ಸ್ನಾಯುಗಳ ಪ್ರೋಟೀನಾದ ಮಯೋಗ್ಲೋಬಿನ್ ಒಂದರಿಂದ ಮೂರು ಗಂಟೆಯೊಳಗೆ ಏರುವ ಸೂಚಕವಾದರೂ ಅಸ್ಥಿಸ್ನಾಯುಗಳಲ್ಲಿಯೂ ಹೇರಳವಾಗಿರುವುದರಿಂದಲೂ ಸತ್ತ ಕೂಡಲೇ ಸೋರುವುದರಿಂದಲೂ ಹೃದಯದ ಬಗ್ಗೆ ಏನನ್ನೂ ಖಚಿತವಾಗಿ ಹೇಳಲಾರದು.

ಹೃದಯದ ಕೊಬ್ಬಿನಾಮ್ಲ ಬಂಧಕ ಪ್ರೋಟೀನು ಇವುಗಳಲ್ಲಿ ಆಸಕ್ತಿ ಹುಟ್ಟಿಸುವ ಸೂಚಕ. ಸುಮಾರು 15 ಕಿಲೋಡಾಲ್ಟನ್ ತೂಕದ ಚಿಕ್ಕ ಅಣುವಾದ್ದರಿಂದಲೂ ಕೋಶರಸದಲ್ಲಿ ಬಿಡಿಯಾಗಿಯೇ ಇರುವುದರಿಂದಲೂ ಒಂದೆರಡು ಗಂಟೆಯಲ್ಲೇ ರಕ್ತದಲ್ಲಿ ಕಾಣಿಸಿಕೊಳ್ಳುತ್ತದೆ. ಟ್ರೋಪೋನಿನ್ ಏರುವ ಮುನ್ನವೇ ಸತ್ತವರಲ್ಲಿ ಇದು ನೆರವಾಗಬಹುದು ಎಂಬ ನಿರೀಕ್ಷೆ ಅರ್ಥವುಳ್ಳದ್ದೇ. ಆದರೆ ಯಾವ ಗುಣದಿಂದ ಬೇಗ ಹೊರಬರುತ್ತದೆಯೋ ಅದೇ ಗುಣದಿಂದ ಸತ್ತ ಮೇಲೆಯೂ ಬೇಗ ಸೋರುತ್ತದೆ, ಅಸ್ಥಿಸ್ನಾಯು ಮತ್ತು ಮೂತ್ರಪಿಂಡದಲ್ಲಿಯೂ ಸ್ವಲ್ಪ ಪ್ರಮಾಣದಲ್ಲಿದೆ. ಸಂಶೋಧನೆಯ ಚೌಕಟ್ಟಿನಲ್ಲಿ ಇದನ್ನು ಸೇರಿಸಿಕೊಳ್ಳಬೇಕು, ನ್ಯಾಯಾಲಯಕ್ಕೆ ಹೋಗುವ ವರದಿಯಲ್ಲಿ ಇದನ್ನೇ ಆಧಾರವಾಗಿಸಬಾರದು.

ಎನ್‌ಟಿ-ಪ್ರೊಬಿಎನ್‌ಪಿ ಎಂಬ, ಹೃದಯ ಸ್ರವಿಸುವ ಪ್ರೋಟೀನಿನ ತುಣುಕು ಉತ್ತರಿಸುವ ಪ್ರಶ್ನೆಯೇ ಬೇರೆ. ಅದು ಕೋಶ ಸತ್ತಿದೆಯೇ ಎಂಬುದನ್ನಲ್ಲ, ಹೃದಯದ ಗೋಡೆಗಳು ದೀರ್ಘಕಾಲದಿಂದ ಒತ್ತಡಕ್ಕೆ ಸಿಲುಕಿ ಹಿಗ್ಗಿದ್ದವೇ ಎಂಬುದನ್ನು ತಿಳಿಸುತ್ತದೆ. ಸಾವಿನ ನಂತರವೂ ಇದು ಸಾಕಷ್ಟು ಸ್ಥಿರವಾಗಿರುವುದು ದೊಡ್ಡ ಅನುಕೂಲ. ಹಿಂದಿನ ವೈದ್ಯಕೀಯ ದಾಖಲೆಗಳೇ ಇಲ್ಲದ ವ್ಯಕ್ತಿಗೆ ಹೃದಯ ವೈಫಲ್ಯವಿತ್ತೇ ಎಂದು ತಿಳಿಯಬೇಕಾದಾಗ, ಹಿಗ್ಗಿದ ಹೃದಯದ ಜೊತೆಗೆ ತೊಡೆಯ ಸೀರಮ್‌ನ ಈ ಅಂಕಿ ಬೆಲೆಯುಳ್ಳ ಪುರಾವೆ. ವಯಸ್ಸಾದವರಲ್ಲಿ, ಮೂತ್ರಪಿಂಡ ಕೆಟ್ಟವರಲ್ಲಿ, ಶ್ವಾಸಕೋಶದ ರಕ್ತನಾಳಕ್ಕೆ ಹೆಪ್ಪು ಸಿಕ್ಕಿಕೊಂಡವರಲ್ಲಿ ಇದು ಏರಿರುತ್ತದೆ ಎಂಬುದನ್ನು ಮರೆಯಬಾರದು. ಮೂತ್ರಪಿಂಡದ ಸ್ಥಿತಿಯನ್ನು ತಿಳಿಯಲು ಕಣ್ಣುಗುಡ್ಡೆಯೊಳಗಿನ ವಿಟ್ರಿಯಸ್ ದ್ರವದ ಯೂರಿಯಾ ಮತ್ತು ಕ್ರಿಯಾಟಿನಿನ್ ನೋಡಬೇಕು. ಸಾವಿನ ನಂತರ ಅವು ಹೆಚ್ಚು ಬದಲಾಗುವುದಿಲ್ಲ. ಟ್ರೋಪೋನಿನ್ ಅಂಕಿಯನ್ನು ಅರ್ಥೈಸಲೂ ಈ ಮಾಹಿತಿ ಬೇಕಾಗುವುದರಿಂದ, ಯಾವ ಹಠಾತ್ ಸಾವಿನಲ್ಲಿಯೂ ವಿಟ್ರಿಯಸ್ ದ್ರವವನ್ನು ತೆಗೆಯದೆ ಬಿಡಬಾರದು ಎಂಬುದು ನನ್ನ ಒತ್ತಾಯ. ಸಿಆರ್‌ಪಿ ಎಂಬ ಉರಿಯೂತದ ಸೂಚಕ ಕೂಡ ಶವದಲ್ಲಿ ಸ್ಥಿರ. ಅದು ಬಹಳ ಏರಿದ್ದರೆ ಸೋಂಕನ್ನೋ ಹೃದಯ ಸ್ನಾಯುವಿನ ಉರಿಯೂತವನ್ನೋ ಹುಡುಕಿ ಹೆಚ್ಚು ಸ್ಲೈಡುಗಳನ್ನು ತೆಗೆಯಬೇಕು.

ಯಂತ್ರ ಅಥವಾ ಕಾರ್ಡು

ಮಿನಿಟುಗಳಲ್ಲಿ ಎರಡು ಗೆರೆ ಮೂಡಿಸುವ ಟ್ರೋಪೋನಿನ್ ಕಾರ್ಡನ್ನು ಶವಾಗಾರದಲ್ಲೇ ಬಳಸಬಹುದೇ ಎಂದು ಹಲವರು ಕೇಳುತ್ತಾರೆ. ಬಳಸಬಹುದು, ಆದರೆ ಅದರ ಉತ್ತರದ ಮಿತಿಯನ್ನು ಅರಿತು ಮಾತ್ರ. ಕಾರ್ಡು ಬದುಕಿರುವವರ ಮಿತಿಗೆ ಹೊಂದಿಸಿದ್ದು, ಅಂಕಿಯನ್ನು ಕೊಡುವುದಿಲ್ಲ. ಹೃದಯಾವರಣದ ದ್ರವವನ್ನು ನೇರವಾಗಿ ಹಾಕಿದರೆ ಬಹುತೇಕ ಎಲ್ಲ ಶವಗಳಲ್ಲಿಯೂ ಧನಾತ್ಮಕವಾಗುವ ಸಾಧ್ಯತೆಯಿದೆ, ಹೀಗಾಗಿ ಆ ಉತ್ತರಕ್ಕೆ ಅರ್ಥವಿಲ್ಲ. ತೊಡೆಯ ರಕ್ತದ ತಿಳಿ ಸೀರಮ್‌ನಲ್ಲಿ ಕಾರ್ಡು ಋಣಾತ್ಮಕವಾದರೆ ಅದಕ್ಕೆ ಸ್ವಲ್ಪ ಅರ್ಥವಿದೆ. ಪ್ರಯೋಗಾಲಯದ ಯಂತ್ರ ಒಂದೇ ಕಟ್ಟಡದಲ್ಲಿರುವ ವೈದ್ಯಕೀಯ ಕಾಲೇಜುಗಳಲ್ಲಿ ಕಾರ್ಡಿನ ಅಗತ್ಯವೇ ಇಲ್ಲ. ಯಂತ್ರಕ್ಕೆ ಮಾದರಿ ಕೊಡುವಾಗ ಅದು ಶವದ್ದು ಎಂದು ಚೀಟಿಯಲ್ಲಿ ಬರೆದಿರಬೇಕು. ರಕ್ತವನ್ನು ಹೆಪ್ಪುಗಟ್ಟಿಸುವ ಫೈಬ್ರಿನ್ ಎಳೆಗಳನ್ನು ತೆಗೆಯದೆ ಹಾಕಿದರೆ ಯಂತ್ರದ ಕೊಳವೆ ಕಟ್ಟಿಕೊಂಡು, ಹುಸಿ ಅಂಕಿಯೂ ಬರಬಹುದು.

ರಾಸಾಯನಿಕ ಸೂಚಕಕ್ಕೆ ಪೈಪೋಟಿ ನೀಡುವ ವಿಧಾನಗಳು

ಸೂಚಕಗಳಿಗಾಗಿ ಹಣ ಕೇಳುವ ಮುನ್ನ ಟಿಟಿಸಿ ಎಂಬ ರಾಸಾಯನಿಕದ ಬಣ್ಣವನ್ನು ಒಮ್ಮೆ ಯೋಚಿಸಬೇಕು. ಫಾರ್ಮಲಿನ್‌ಗೆ ಹಾಕದ ತಾಜಾ ಹೃದಯವನ್ನು ಅಡ್ಡ ಹೋಳುಗಳಾಗಿ ಕತ್ತರಿಸಿ, 37 ಡಿಗ್ರಿಯಷ್ಟು ಬೆಚ್ಚಗಿನ ಶೇ 1ರ ಟಿಟಿಸಿ ದ್ರಾವಣದಲ್ಲಿ ಕಾಲು ಗಂಟೆಯಷ್ಟು ಮುಳುಗಿಸಿದರೆ, ಕಿಣ್ವಗಳು ಉಳಿದಿರುವ ಸ್ನಾಯು ಇಟ್ಟಿಗೆಗೆಂಪಾಗುತ್ತದೆ, ಕಿಣ್ವ ಕಳೆದುಕೊಂಡ ಭಾಗ ಪೇಲವವಾಗಿ ಉಳಿಯುತ್ತದೆ. ಹಾನಿಯಾಗಿ ಎರಡು ಮೂರು ಗಂಟೆ ಕಳೆದಿದ್ದರೆ ಸಾಕು, ಕಾಣುತ್ತದೆ. ಎಲ್ಲಿ, ಎಷ್ಟು ವಿಸ್ತಾರದಲ್ಲಿ, ಯಾವ ರಕ್ತನಾಳದ ಕ್ಷೇತ್ರದಲ್ಲಿ ಎಂಬುದನ್ನು ತೋರಿಸುವುದು ಇದರ ಹೆಗ್ಗಳಿಕೆ; ಟ್ರೋಪೋನಿನ್ ಅಂಕಿ ಇದನ್ನು ಎಂದಿಗೂ ಹೇಳಲಾರದು. ಹಳೆಯ ಗಾಯದ ಕಲೆಯೂ ಬಣ್ಣ ಹಿಡಿಯುವುದಿಲ್ಲವೆಂಬುದನ್ನೂ ಶವ ಹಳತಾದಷ್ಟೂ ಫಲಿತಾಂಶ ಮಸುಕಾಗುತ್ತದೆಂಬುದನ್ನೂ ಗಮನದಲ್ಲಿಡಬೇಕು. ತಾಲ್ಲೂಕು ಮಟ್ಟದಲ್ಲಿ ಒಂದೇ ಒಂದು ಹೆಚ್ಚುವರಿ ಪರೀಕ್ಷೆಗೆ ಅವಕಾಶವಿದ್ದರೆ ನಾನು ಟ್ರೋಪೋನಿನ್‌ಗಿಂತ ಮೊದಲು ಟಿಟಿಸಿಯನ್ನು ಆರಿಸುತ್ತೇನೆ.

ಅಂಗಾಂಶದ ಸ್ಲೈಡಿನ ಮೇಲೆ ಪ್ರತಿಕಾಯಗಳಿಂದ ಮಾಡುವ ಪರೀಕ್ಷೆ ಇನ್ನೊಂದು ದಾರಿ. ಹಾನಿಗೊಂಡ ಕೋಶದಿಂದ ಟ್ರೋಪೋನಿನ್, ಮಯೋಗ್ಲೋಬಿನ್ ಹೊರಹೋಗಿ ಅಲ್ಲಿ ಬಣ್ಣ ಕಳೆಯುತ್ತದೆ. ರಕ್ತದಲ್ಲಿರುವ ಫೈಬ್ರೊನೆಕ್ಟಿನ್ ಎಂಬ ಪ್ರೋಟೀನು ಮತ್ತು ರೋಗನಿರೋಧಕ ವ್ಯವಸ್ಥೆಯ ಸಿ5ಬಿ-9 ಎಂಬ ಕಾಂಪ್ಲಿಮೆಂಟ್ ಸಂಕೀರ್ಣ ಕೋಶದೊಳಗೆ ಸೇರಿ ಬಣ್ಣ ತೋರುತ್ತವೆ. ಸಾಮಾನ್ಯ ಸ್ಲೈಡಿಗಿಂತ ಬೇಗ ಇವು ಬದಲಾವಣೆಯನ್ನು ತೋರಿಸುತ್ತವೆ. ಕೊಂಚ ಖರ್ಚಿನ, ನುರಿತ ಕೈ ಬೇಡುವ ವಿಧಾನವಾದರೂ ಫಾರ್ಮಲಿನ್‌ನಲ್ಲಿ ಇಟ್ಟ ಅಂಗಾಂಶದ ಮೇಲೆ ತಿಂಗಳುಗಳ ನಂತರವೂ ಮಾಡಬಹುದಾದ್ದರಿಂದ ವಿವಾದಿತ ಪ್ರಕರಣಗಳಲ್ಲಿ ಇದೇ ಹೆಚ್ಚು ಭರವಸೆಯದು.

ಪ್ರಕರಣಕ್ಕೆ ತಕ್ಕ ಆಯ್ಕೆ

ರಾತ್ರಿ ಹತ್ತಕ್ಕೆ ಎದೆಯುರಿ ಎಂದು ಮಾತ್ರೆ ನುಂಗಿ ಮಲಗಿದವರು ಬೆಳಗ್ಗೆ ಎದ್ದಿಲ್ಲ ಎಂಬಂಥ ಪ್ರಕರಣದಲ್ಲಿ ಸೂಚಕಗಳು ಅತ್ಯಂತ ಹೆಚ್ಚು ಉಪಯುಕ್ತ. ಹಾನಿಗೂ ಸಾವಿಗೂ ನಡುವೆ ಗಂಟೆಗಳು ಕಳೆದಿರಬಹುದು, ಶವವೂ ತಾಜಾ ಇರುತ್ತದೆ. ತೊಡೆಯ ಸೀರಮ್, ಹೃದಯಾವರಣದ ದ್ರವ, ಟಿಟಿಸಿ, ವಿಟ್ರಿಯಸ್ ಇವೆಲ್ಲವನ್ನೂ ಮಾಡಬೇಕು. ಆಟದ ಮೈದಾನದಲ್ಲಿ ಎಲ್ಲರ ಕಣ್ಣೆದುರು ಕುಸಿದು ನಿಮಿಷಗಳಲ್ಲಿ ಪ್ರಾಣ ಬಿಟ್ಟ ಯುವಕನಲ್ಲಿ ಟ್ರೋಪೋನಿನ್ ಉತ್ತರ ಕೊಡುವ ಸಂಭವ ಕಡಿಮೆ. ಅಲ್ಲಿ ವಿಷಪರೀಕ್ಷೆ, ಹೃದಯ ಸ್ನಾಯುವಿನ ರಚನೆ, ರಕ್ತನಾಳಗಳ ಹುಟ್ಟು ದೋಷ ಮತ್ತು ತಳಿಶಾಸ್ತ್ರದ ಮಾದರಿಯ ಕಡೆಗೆ ಗಮನ ಹರಿಸಬೇಕು.

ಲಾರಿ ಚಾಲಕನಿಗೆ ಮೊದಲು ಹೃದಯಾಘಾತವಾಗಿ ಆಮೇಲೆ ಅಪಘಾತವಾಯಿತೇ, ಸ್ಟೀರಿಂಗ್ ಎದೆಗೆ ಬಡಿದು ಹೃದಯಕ್ಕೆ ಪೆಟ್ಟಾಯಿತೇ ಎಂಬ ಪ್ರಶ್ನೆ ಪರಿಹಾರದ ದಾವೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಇದಕ್ಕೆ ಯಾವ ಸೂಚಕವೂ ಉತ್ತರಿಸಲಾರದು, ಏಕೆಂದರೆ ಪೆಟ್ಟಿನಿಂದಲೂ ಟ್ರೋಪೋನಿನ್ ಏರುತ್ತದೆ. ಹಾನಿ ರಕ್ತನಾಳದ ಕ್ಷೇತ್ರಕ್ಕೆ ಸರಿಹೊಂದುತ್ತದೆಯೇ, ರಕ್ತಸ್ರಾವ ಎಲ್ಲಿದೆ, ಎದೆಮೂಳೆ ಮುರಿದಿದೆಯೇ, ನಾಳದಲ್ಲಿ ಹೊಸ ಹೆಪ್ಪು ಇದೆಯೇ ಎಂಬ ಅವಲೋಕನಗಳೇ ನಿರ್ಣಾಯಕ. ವಿದ್ಯುತ್ ತಗುಲಿದವರು, ಬೆಂಕಿಗೆ ಸಿಕ್ಕವರು, ಕಾರ್ಬನ್ ಮಾನಾಕ್ಸೈಡ್ ಸೇವಿಸಿದವರು, ಬಿಸಿಲಿನ ಆಘಾತಕ್ಕೆ ತುತ್ತಾದವರು, ತೀವ್ರ ಸೋಂಕಿನಿಂದ ಸತ್ತವರು ಇವರೆಲ್ಲರಲ್ಲಿಯೂ ಟ್ರೋಪೋನಿನ್ ಏರುವ ಸಾಧ್ಯತೆಯಿದೆ. ಆದ್ದರಿಂದ ಎತ್ತರದ ಅಂಕಿಯನ್ನು ಕಂಡು ಹೃದಯಾಘಾತ ಎಂದು ಬರೆದು, ವಿದ್ಯುತ್ ತಗುಲಿದ ಗುರುತನ್ನು ಬೆರಳ ಸಂದಿಯಲ್ಲಿ ಹುಡುಕದೆ ಬಿಡುವುದು ಗಂಭೀರ ಲೋಪ. ಎದೆಯೊತ್ತುವ ಪುನಶ್ಚೇತನ (ಸಿಪಿಆರ್) ಹಾಗೂ ವಿದ್ಯುದಾಘಾತ ಚಿಕಿತ್ಸೆ ನಡೆದಿದ್ದರೆ, ವಿಶೇಷವಾಗಿ ಹೃದಯ ಮರಳಿ ಬಡಿದು ಮತ್ತೆ ನಿಂತಿದ್ದರೆ, ಅದರಿಂದಲೇ ಏರಿಕೆಯಾಗಬಹುದು. ಎಷ್ಟು ಹೊತ್ತು ಒತ್ತಲಾಯಿತು ಎಂಬುದನ್ನು ಆಂಬ್ಯುಲೆನ್ಸ್ ಸಿಬ್ಬಂದಿಯಿಂದ ಕೇಳಿ ಬರೆದುಕೊಳ್ಳಬೇಕು.

ಕೊಳೆಯಲು ಆರಂಭಿಸಿದ ಶವದಲ್ಲಿ ಸೂಚಕಗಳನ್ನು ಕಳುಹಿಸಲೇಬಾರದು. ಬೇಸಿಗೆಯಲ್ಲಿ ರಾಯಚೂರು, ಕಲಬುರಗಿ ಕಡೆ ತಂಪು ಪೆಟ್ಟಿಗೆಯಿಲ್ಲದೆ ಅರ್ಧ ದಿನ ಕಳೆದ ಶವವನ್ನು, 4 ಡಿಗ್ರಿಯಲ್ಲಿಟ್ಟು ಮರುದಿನ ತೆರೆದ ಶವದೊಡನೆ ಗಂಟೆಗಳ ಲೆಕ್ಕದಲ್ಲಿ ಹೋಲಿಸುವಂತಿಲ್ಲ. ವರದಿಯಲ್ಲಿ ಸಾವಿನಿಂದ ಮಾದರಿಯವರೆಗಿನ ಸಮಯವಷ್ಟೇ ಅಲ್ಲ, ಆ ಸಮಯದಲ್ಲಿ ಶವ ಎಲ್ಲಿತ್ತು, ಎಷ್ಟು ಬಿಸಿಲಿನಲ್ಲಿತ್ತು ಎಂಬುದೂ ಇರಬೇಕು.

ವರದಿಯಲ್ಲಿ ಬರೆಯಬೇಕಾದುದು

ಅಂಕಿ, ಮಾದರಿ ತೆಗೆದ ಜಾಗ, ಸಮಯ, ಯಂತ್ರದ ಹೆಸರು, ಸೀರಮ್‌ನ ಬಣ್ಣ, ಪುನಶ್ಚೇತನದ ವಿವರ ಇವಿಷ್ಟನ್ನೂ ಬರೆದ ಮೇಲೆ, ‘ಈ ಫಲಿತಾಂಶ ಸಾವಿಗೆ ಕೆಲವು ಗಂಟೆ ಮುನ್ನ ಆರಂಭವಾದ ಹೃದಯ ಸ್ನಾಯುವಿನ ಹಾನಿಗೆ ಸಂಗತವಾಗಿದೆ’ ಎಂಬಷ್ಟಕ್ಕೆ ನಿಲ್ಲಿಸಬೇಕು. ಸಾವಿನ ಕಾರಣವನ್ನು ರಕ್ತನಾಳ, ಸ್ನಾಯು, ವಿಷಪರೀಕ್ಷೆ ಮತ್ತು ಸಂದರ್ಭಗಳ ಒಟ್ಟು ಆಧಾರದ ಮೇಲೆ ಬೇರೆಯಾಗಿ ಬರೆಯಬೇಕು.

ಇನ್ನು ಸೂಚಕಗಳೂ ಕಡಿಮೆಯಿದ್ದು, ಹೃದಯದ ರಚನೆಯೂ ಸರಿಯಿದ್ದು, ವಿಷವೂ ಸಿಗದ ಎಳೆವಯಸ್ಸಿನವರ ಸಾವುಗಳಿವೆ. ಅಲ್ಲಿ ಹೃದಯದ ವಿದ್ಯುತ್ ಲಯಕ್ಕೆ ಸಂಬಂಧಿಸಿದ ಆನುವಂಶಿಕ ಕಾಯಿಲೆ ಇರುವ ಸಾಧ್ಯತೆಯನ್ನು ಗಂಭೀರವಾಗಿ ಪರಿಗಣಿಸಬೇಕು. ರಕ್ತ ಗಟ್ಟಿಯಾಗದಂತೆ ತಡೆಯುವ ಇಡಿಟಿಎ ಟ್ಯೂಬಿನಲ್ಲಿ ಐದರಿಂದ ಹತ್ತು ಮಿಲಿಲೀಟರ್ ರಕ್ತವನ್ನೋ ಗುಲ್ಮದ ಚಿಕ್ಕ ತುಂಡನ್ನೋ ಫ್ರೀಜರಿನಲ್ಲಿ ಶೈತ್ಯೀಕರಿಸಿ ಇಟ್ಟರೆ ಮುಂದೆ ತಳಿಪರೀಕ್ಷೆ ಸಾಧ್ಯ. ಫಾರ್ಮಲಿನ್‌ಗೆ ಹಾಕಿದ ಅಂಗಾಂಶದಲ್ಲಿ ಡಿಎನ್‌ಎ ಕೆಡುತ್ತದೆ. ಶವವನ್ನು ಒಪ್ಪಿಸುವ ಹೊತ್ತಿಗೆ ಮನೆಯವರಿಗೆ ಕೇಳಿಸಿಕೊಳ್ಳುವ ಸ್ಥಿತಿ ಇರುವುದಿಲ್ಲ. ಆದ್ದರಿಂದ ಮೃತರ ತಂದೆ, ತಾಯಿ, ಒಡಹುಟ್ಟಿದವರು ಮತ್ತು ಮಕ್ಕಳು ಇಸಿಜಿ ಹಾಗೂ ಎಕೋ ಪರೀಕ್ಷೆ ಮಾಡಿಸಿಕೊಂಡು ಹೃದ್ರೋಗ ತಜ್ಞರನ್ನು ಕಾಣಬೇಕು ಎಂಬ ಸಲಹೆಯನ್ನು ಶವಪರೀಕ್ಷೆಯ ವರದಿಯಲ್ಲಿಯೇ ಕನ್ನಡದಲ್ಲಿ ಒಂದು ಸಾಲಾಗಿ ಬರೆದು ಕೊಡಬೇಕು, ಕೆಲವು ವಾರಗಳ ನಂತರ ಅವರನ್ನು ಕರೆಸಿ ಅದನ್ನು ಬಾಯಿಮಾತಿನಲ್ಲಿಯೂ ವಿವರಿಸಬೇಕು.